ವಿಶ್ವವಿದ್ಯಾಲಯಕ್ಕೊಂದು ಕಲಿಕಾ ವ್ಯವಸ್ಥೆ: ಆಯ್ಕೆಯ ಮೂರು ಒರೆಗಲ್ಲುಗಳು

ವಿಶ್ವವಿದ್ಯಾಲಯವೆಂದೊಡನೆ ಪಾಠದ ಕೊಠಡಿ, ಗ್ರಂಥಾಲಯ, ಪ್ರಯೋಗಶಾಲೆಗಳು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಇಂದಿನ ವಿಶ್ವವಿದ್ಯಾಲಯಕ್ಕೆ ಕಣ್ಣಿಗೆ ಕಾಣದ ಇನ್ನೊಂದು ಕಟ್ಟಡವೂ ಉಂಟು. ಅಧ್ಯಾಪಕರು ಪಾಠದ ಟಿಪ್ಪಣಿಗಳನ್ನು ಇರಿಸುವುದು ಅಲ್ಲಿ. ವಿದ್ಯಾರ್ಥಿಗಳು ತಮ್ಮ ಬರವಣಿಗೆಯನ್ನು ಒಪ್ಪಿಸುವುದು ಅಲ್ಲಿ. ಕಿರುಪರೀಕ್ಷೆ ನಡೆಯುವುದು, ಅಂಕಗಳು ದಾಖಲಾಗುವುದು, ಸಂದೇಹಗಳ ಚರ್ಚೆಯಾಗುವುದು, ಎಲ್ಲವೂ ಅಲ್ಲಿಯೇ. ಇದಕ್ಕೆ ಕಲಿಕಾ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಈ ಲೇಖನದಲ್ಲಿ ನಾವು ಅದನ್ನು ಸಂಕ್ಷೇಪವಾಗಿ ಕಲಿಕಾ ವ್ಯವಸ್ಥೆ ಎಂದು ಕರೆಯೋಣ.

ಹಾಗೆ ನೋಡಿದರೆ ಇದೊಂದು ತಂತ್ರಾಂಶ ಮಾತ್ರ. ಸರ್ವರ್ ಎಂಬ ಪ್ರಬಲವಾದ ಕಂಪ್ಯೂಟರಿನಲ್ಲಿ ಅದು ಹಗಲಿರುಳೂ ನಡೆಯುತ್ತಿರುತ್ತದೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ಅಂತರಜಾಲದ ಮೂಲಕ ತಮ್ಮ ಕಂಪ್ಯೂಟರು ಅಥವಾ ಮೊಬೈಲ್ ಫೋನಿನಿಂದ ಅದನ್ನು ತಲುಪುತ್ತಾರೆ. ಆದರೆ ಒಮ್ಮೆ ಆರಿಸಿಕೊಂಡ ಮೇಲೆ ಸಾವಿರಾರು ಪಾಠಗಳೂ ಲಕ್ಷಾಂತರ ಉತ್ತರಗಳೂ ಅದರೊಳಗೆ ಸೇರಿಬಿಡುತ್ತವೆ. ಅನಂತರ ಅದನ್ನು ಬದಲಾಯಿಸುವುದು ಸುಲಭವಲ್ಲ. ಪರೀಕ್ಷೆಯ ದಿನ ಅದು ಕೈಕೊಟ್ಟರೆ ಮೊದಲು ನಷ್ಟ ಅನುಭವಿಸುವವರು ವಿದ್ಯಾರ್ಥಿಗಳೇ. ಆದುದರಿಂದ ಈ ಆಯ್ಕೆಯ ಹಿಂದಿರುವ ತರ್ಕವೇನು, ಲೆಕ್ಕವೇನು ಎಂಬುದನ್ನು ಅವರೂ ತಿಳಿದಿರುವುದು ಒಳ್ಳೆಯದು.

ಹುಟ್ಟು ಮತ್ತು ಬೆಳವಣಿಗೆ

ಕಂಪ್ಯೂಟರಿನ ಮೂಲಕ ಪಾಠ ಹೇಳುವ ಪ್ರಯತ್ನ ಇತ್ತೀಚಿನದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರು ೧೯೬೦ರಲ್ಲಿಯೇ ‘ಪ್ಲೇಟೋ’ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಯಂತ್ರವು ಪ್ರಶ್ನೆಯನ್ನು ತೋರಿಸುವುದು, ವಿದ್ಯಾರ್ಥಿ ಉತ್ತರವನ್ನು ಒತ್ತುವುದು, ಉತ್ತರಕ್ಕೆ ತಕ್ಕಂತೆ ಪಾಠ ಮುಂದುವರಿಯುವುದು, ಇದು ಅದರ ಕ್ರಮ. ೧೯೭೨ರಲ್ಲಿ ಬಂದ ಅದರ ನಾಲ್ಕನೆಯ ರೂಪದಲ್ಲಿ ಬೆರಳಿನಿಂದ ಮುಟ್ಟಿ ಉತ್ತರಿಸಬಹುದಾದ ತೆರೆಯೂ ಇದ್ದಿತು.

ಅಂತರಜಾಲವು ಹರಡಿದ ಮೇಲೆ ಈ ಕ್ಷೇತ್ರಕ್ಕೆ ಹೊಸ ಜೀವ ಬಂತು. ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಅಧ್ಯಾಪಕ ಮರ್ರೆ ಗೋಲ್ಡ್‌ಬರ್ಗ್ ಅವರು ೧೯೯೦ರ ದಶಕದ ನಡುಭಾಗದಲ್ಲಿ ‘ವೆಬ್‌ಸಿಟಿ’ಯನ್ನು ರೂಪಿಸಿದರು. ೧೯೯೭ರಲ್ಲಿ ಅಮೆರಿಕದಲ್ಲಿ ‘ಬ್ಲ್ಯಾಕ್‌ಬೋರ್ಡ್’ ಕಂಪೆನಿ ಹುಟ್ಟಿತು. ಆಸ್ಟ್ರೇಲಿಯದ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿಯ ಉಸ್ತುವಾರಿ ನೋಡುತ್ತಿದ್ದ ಮಾರ್ಟಿನ್ ಡೂಗಿಯಾಮಸ್ ಎಂಬುವರು ಬಾಲ್ಯದಲ್ಲಿ ಮರುಭೂಮಿಯ ನಡುವಣ ಒಂದು ದೂರದ ನೆಲೆಯಲ್ಲಿದ್ದು, ಶಾರ್ಟ್‌ವೇವ್ ರೇಡಿಯೋದ ಮೂಲಕ ಪಾಠ ಕೇಳಿ ಬೆಳೆದವರು. ಅವರು ಸಿದ್ಧಪಡಿಸಿದ ‘ಮೂಡಲ್’ನ ಮೊದಲ ಆವೃತ್ತಿ ೨೦೦೨ರ ಆಗಸ್ಟ್ ೨೦ರಂದು ಹೊರಬಂತು. ಇದು ಮುಕ್ತ ತಂತ್ರಾಂಶ. ಎಂದರೆ, ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು, ಇತರರಿಗೆ ಹಂಚಬಹುದು. ೨೦೦೪ರಲ್ಲಿ ಮಿಚಿಗನ್, ಇಂಡಿಯಾನ, ಸ್ಟಾನ್‌ಫರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳು ಕೂಡಿ ‘ಸಕಾಯ್’ ಎಂಬ ಇನ್ನೊಂದು ಮುಕ್ತ ವ್ಯವಸ್ಥೆಗೆ ಕೈಹಾಕಿದವು. ೨೦೦೮ರಲ್ಲಿ ಸ್ಥಾಪಿತವಾದ ಇನ್‌ಸ್ಟ್ರಕ್ಚರ್ ಕಂಪೆನಿಯು ‘ಕ್ಯಾನ್ವಾಸ್’ ಅನ್ನು ತಂದಿತು.

ಇವುಗಳ ಗುಣಪಟ್ಟಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಓದಿದರೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಪಾಠ ಇರಿಸುವ ಸೌಕರ್ಯ, ಪರೀಕ್ಷೆ, ಚರ್ಚಾ ವೇದಿಕೆ, ಅಂಕಪಟ್ಟಿ, ಎಲ್ಲವೂ ಎಲ್ಲದರಲ್ಲಿಯೂ ಉಂಟು. ಹಾಗಾದರೆ ಆರಿಸುವುದು ಹೇಗೆ? ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಕೊಂಬಿಗೆ ಬಳಿದ ಬಣ್ಣವನ್ನು ನೋಡಿ ಹಣ ಎಣಿಸುವುದಿಲ್ಲ. ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಡೆಸಿ ನೋಡುತ್ತಾನೆ, ಸಾಧ್ಯವಾದರೆ ನೊಗ ಹೂಡಿಯೇ ನೋಡುತ್ತಾನೆ. ಕಲಿಕಾ ವ್ಯವಸ್ಥೆಗೂ ಇಂತಹ ಪರೀಕ್ಷೆ ಬೇಕು. ಅದಕ್ಕಾಗಿ ನಾವು ಮೂರು ಒರೆಗಲ್ಲುಗಳನ್ನು ಸೂಚಿಸುತ್ತೇವೆ: ಅತ್ಯಂತ ಕಡಿಮೆ ಅನುಕೂಲವುಳ್ಳ ವಿದ್ಯಾರ್ಥಿ, ಅತ್ಯಂತ ಕಷ್ಟದ ಗಳಿಗೆ, ವ್ಯವಸ್ಥೆಯನ್ನು ಬಿಟ್ಟುಹೋಗುವ ದಿನ.

ಮೊದಲನೆಯ ಒರೆಗಲ್ಲು: ಕಡಿಮೆ ಅನುಕೂಲವುಳ್ಳ ವಿದ್ಯಾರ್ಥಿ

ಮಾರಾಟಗಾರರು ವ್ಯವಸ್ಥೆಯನ್ನು ಪ್ರದರ್ಶಿಸುವುದು ಒಳ್ಳೆಯ ಕಂಪ್ಯೂಟರಿನಲ್ಲಿ, ವೇಗದ ಸಂಪರ್ಕದಲ್ಲಿ. ಆದರೆ ಅದನ್ನು ಬಳಸುವವರಲ್ಲಿ ಹಳ್ಳಿಯ ಮನೆಯಲ್ಲಿ ಕುಳಿತು, ಅಣ್ಣನ ಹಳೆಯ ಫೋನಿನಲ್ಲಿ ಪಾಠ ಓದುವ ವಿದ್ಯಾರ್ಥಿನಿಯೂ ಇರುತ್ತಾಳೆ. ಅವಳ ದೃಷ್ಟಿಯಿಂದ ಒಂದು ಲೆಕ್ಕ ಹಾಕೋಣ.

೫೦ ನಿಮಿಷಗಳ ಉಪನ್ಯಾಸವೊಂದನ್ನು ಸೆಕೆಂಡಿಗೆ ೧ ಮೆಗಾಬಿಟ್ ದರದಲ್ಲಿ ವಿಡಿಯೋ ಆಗಿ ಕಳುಹಿಸಿದರೆ, ಒಟ್ಟು ೩,೦೦೦ ಸೆಕೆಂಡುಗಳಿಗೆ ೩,೦೦೦ ಮೆಗಾಬಿಟ್. ೮ ಬಿಟ್‌ಗಳಿಗೆ ಒಂದು ಬೈಟ್ ಆದುದರಿಂದ ಇದು ೩೭೫ ಮೆಗಾಬೈಟ್. ದಿನಕ್ಕೆ ೧ ಗಿಗಾಬೈಟ್, ಅಂದರೆ ಸುಮಾರು ೧,೦೦೦ ಮೆಗಾಬೈಟ್ ಮಿತಿಯುಳ್ಳ ಸಂಪರ್ಕದಲ್ಲಿ ಅವಳು ಮೂರು ಉಪನ್ಯಾಸಗಳನ್ನು ಕೂಡ ಪೂರ್ತಿಯಾಗಿ ನೋಡಲಾರಳು. ಅದೇ ಉಪನ್ಯಾಸದ ಧ್ವನಿಯನ್ನು ಮಾತ್ರ ಸೆಕೆಂಡಿಗೆ ೩೨ ಕಿಲೋಬಿಟ್ ದರದಲ್ಲಿ ಕಳುಹಿಸಿದರೆ ಸಾಕಾಗುವುದು ೧೨ ಮೆಗಾಬೈಟ್. ಹೀಗಿರಲು, ವಿಡಿಯೋದ ಬದಲು ಧ್ವನಿಯನ್ನೋ ಬರಹವನ್ನೋ ಆರಿಸಿಕೊಳ್ಳುವ ಅವಕಾಶವನ್ನು ವ್ಯವಸ್ಥೆ ಕೊಡುತ್ತದೆಯೆ? ಪಾಠವನ್ನು ಒಮ್ಮೆ ಇಳಿಸಿಕೊಂಡು, ಸಂಪರ್ಕವಿಲ್ಲದಾಗಲೂ ಓದಬಹುದೆ? ಉತ್ತರ ಬರೆಯುವಾಗ ಸಂಪರ್ಕ ಕಡಿದರೆ ಬರೆದಷ್ಟು ಉಳಿಯುತ್ತದೆಯೆ? ಈ ಪ್ರಶ್ನೆಗಳಿಗೆ ಕಾಗದದ ಮೇಲಿನ ಉತ್ತರ ಸಾಲದು. ಹಳೆಯ ಫೋನನ್ನು ಕೈಯಲ್ಲಿ ಹಿಡಿದು, ಸಂಪರ್ಕವನ್ನು ನಡುವೆ ಕಡಿದು ನೋಡಬೇಕು.

ಕಣ್ಣು ಕಾಣದ ವಿದ್ಯಾರ್ಥಿಗಳ ವಿಷಯವೂ ಇಲ್ಲಿಯೇ ಬರುತ್ತದೆ. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಅವರಿಗೆ ಆಸರೆ. ಆಸ್ಟ್ರೇಲಿಯದ ಮೈಕೇಲ್ ಕರನ್ ಅವರು, ತಾವೇ ಕಣ್ಣು ಕಾಣದವರಾಗಿದ್ದು, ೨೦೦೬ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಅಂತಹುದು. ಅದು ಉಚಿತವಾಗಿ ದೊರೆಯುತ್ತದೆ. ಆದರೆ ಚಿತ್ರಕ್ಕೆ ವಿವರಣೆಯನ್ನು ಬರೆದಿಡದಿದ್ದರೆ ಅದು ಓದುವುದೇನನ್ನು? ಮೌಸಿನಿಂದ ಎಳೆದು ಹೊಂದಿಸಬೇಕಾದ ಪ್ರಶ್ನೆಗೆ ಕೀಲಿಮಣೆಯಿಂದ ಉತ್ತರಿಸಲು ಬಾರದಿದ್ದರೆ ಅವರು ಮಾಡುವುದೇನು? ಜಾಲಪುಟಗಳು ಎಲ್ಲರಿಗೂ ಎಟಕುವಂತಿರಲು ಪಾಲಿಸಬೇಕಾದ ಸೂತ್ರಗಳನ್ನು ಅಂತರರಾಷ್ಟ್ರೀಯ ವೆಬ್ ಒಕ್ಕೂಟವು ೧೯೯೯ರಲ್ಲಿ ಮೊದಲ ಬಾರಿಗೆ ಪ್ರಕಟಿಸಿತು. ಅನಂತರ ಅವು ಪರಿಷ್ಕಾರಗೊಂಡಿವೆ. ಭಾರತದಲ್ಲಿ ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವೂ ಉಂಟು. ಆದುದರಿಂದ ಇದು ಸೌಜನ್ಯದ ಮಾತಷ್ಟೇ ಅಲ್ಲ, ಹಕ್ಕಿನ ಮಾತು.

ಕನ್ನಡದಲ್ಲಿ ಪಾಠ ನಡೆಯುವಲ್ಲಿ ಮತ್ತೊಂದು ತೊಡಕನ್ನು ಗಮನಿಸಬೇಕು. ಪ್ರತಿಯೊಂದು ಲಿಪಿಯ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಸಂಕೇತವು ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ನೀಡಿತು. ಆದರೆ ಬಹುಕಾಲ ನಮ್ಮಲ್ಲಿ ಬಳಕೆಯಲ್ಲಿದ್ದ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಹೊದಿಸಿದ್ದವು. ಅವುಗಳಲ್ಲಿ ಬೆರಳಚ್ಚಾದ ಪ್ರಶ್ನೆಗಳನ್ನು ಹಾಗೆಯೇ ಕಲಿಕಾ ವ್ಯವಸ್ಥೆಗೆ ಸೇರಿಸಿದರೆ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಇನ್ನು, ಉತ್ತರ ‘12’ ಎಂದಿರುವಾಗ ವಿದ್ಯಾರ್ಥಿ ‘೧೨’ ಎಂದು ಬರೆದರೆ ವ್ಯವಸ್ಥೆ ಅದನ್ನು ಸರಿಯೆಂದು ಒಪ್ಪುತ್ತದೆಯೆ? ಇದು ಒಂದು ನಿಮಿಷದ ಪರೀಕ್ಷೆ. ಮಾಡಿ ನೋಡದಿದ್ದರೆ ಸರಿಯುತ್ತರಕ್ಕೆ ಸೊನ್ನೆ ಬಿದ್ದೀತು.

ಎರಡನೆಯ ಒರೆಗಲ್ಲು: ಕಷ್ಟದ ಗಳಿಗೆ

ಸೇತುವೆಯನ್ನು ಕಟ್ಟುವವರು ಸಾಮಾನ್ಯ ದಿನದ ನೀರಿನ ಮಟ್ಟವನ್ನು ಮಾತ್ರ ನೋಡುವುದಿಲ್ಲ. ಮಹಾಪೂರದ ಮಟ್ಟವನ್ನು ನೋಡುತ್ತಾರೆ. ಕಲಿಕಾ ವ್ಯವಸ್ಥೆಯ ಮಹಾಪೂರವೆಂದರೆ ಪರೀಕ್ಷೆಯ ಕೊನೆಯ ಕ್ಷಣ.

ಇದನ್ನು ಲೆಕ್ಕ ಹಾಕಲು ಒಂದು ಸರಳ ನಿಯಮ ನೆರವಾಗುತ್ತದೆ. ಒಂದು ಹೋಟೆಲಿಗೆ ನಿಮಿಷಕ್ಕೆ ೪ ಮಂದಿ ಬರುತ್ತಾರೆ, ಪ್ರತಿಯೊಬ್ಬರೂ ಸರಾಸರಿ ೧೫ ನಿಮಿಷ ಒಳಗಿರುತ್ತಾರೆ ಎನ್ನೋಣ. ಆಗ ಒಳಗೆ ಸರಾಸರಿ ೪ × ೧೫ = ೬೦ ಮಂದಿ ಇರುತ್ತಾರೆ. ಬರುವವರ ದರವನ್ನು ತಂಗುವ ಕಾಲದಿಂದ ಗುಣಿಸಿದರೆ ಒಳಗಿರುವವರ ಸಂಖ್ಯೆ ಸಿಕ್ಕುತ್ತದೆ. ಈ ಸಂಬಂಧಕ್ಕೆ ಅಮೆರಿಕದ ಜಾನ್ ಲಿಟ್ಲ್ ೧೯೬೧ರಲ್ಲಿ ಗಣಿತದ ಸಾಧನೆಯನ್ನು ಕೊಟ್ಟರು. ಅದನ್ನು ಲಿಟ್ಲ್ ನಿಯಮವೆಂದು ಕರೆಯುತ್ತಾರೆ.

ಒಂದು ವಿಶ್ವವಿದ್ಯಾಲಯದಲ್ಲಿ ೧೨,೦೦೦ ವಿದ್ಯಾರ್ಥಿಗಳಿದ್ದಾರೆ, ಪ್ರತಿಯೊಬ್ಬರೂ ದಿನಕ್ಕೆ ೧೦೦ ಪುಟಗಳನ್ನು ತೆರೆಯುತ್ತಾರೆ, ಒಂದು ಪುಟವನ್ನು ಒದಗಿಸಲು ಸರ್ವರಿಗೆ ಅರ್ಧ ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ. ದಿನಕ್ಕೆ ೧೨ ಲಕ್ಷ ಕೋರಿಕೆಗಳು. ದಿನದ ೮೬,೪೦೦ ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು ೧೪. ನಿಯಮದ ಪ್ರಕಾರ ಸರ್ವರು ಏಕಕಾಲದಲ್ಲಿ ನಿರ್ವಹಿಸಬೇಕಾದುದು ಕೇವಲ ೭ ಕೋರಿಕೆಗಳನ್ನು. ಇಷ್ಟಕ್ಕೆ ಚಿಕ್ಕ ಸರ್ವರೊಂದು ಸಾಕು ಎನಿಸುತ್ತದೆ.

ಈಗ ಪರೀಕ್ಷೆಯ ದಿನಕ್ಕೆ ಬರೋಣ. ಗಂಟೆ ಹನ್ನೊಂದಕ್ಕೆ ಮುಗಿಯುವ ಪರೀಕ್ಷೆಯಲ್ಲಿ ೧೨,೦೦೦ ಮಂದಿಯೂ ಕೊನೆಯ ೧೦ ಸೆಕೆಂಡುಗಳಲ್ಲಿ ‘ಸಲ್ಲಿಸು’ ಎಂಬುದನ್ನು ಒತ್ತಿದರೆ ಸೆಕೆಂಡಿಗೆ ೧,೨೦೦ ಕೋರಿಕೆಗಳಾದವು. ಎಲ್ಲರಿಗೂ ಅರ್ಧ ಸೆಕೆಂಡಿನಲ್ಲಿಯೇ ಕೆಲಸವಾಗಬೇಕಾದರೆ ಸರ್ವರು ೬೦೦ ಕೋರಿಕೆಗಳನ್ನು ಏಕಕಾಲದಲ್ಲಿ ನಿರ್ವಹಿಸಬೇಕು. ಸರಾಸರಿಯ ಲೆಕ್ಕ ಹೇಳಿದ್ದು ೭. ನಿಜವಾಗಿ ಬೇಕಾದದ್ದು ೬೦೦!

ಸರ್ವರಿನ ಸಾಮರ್ಥ್ಯ ೧೫೦ ಮಾತ್ರ ಎನ್ನೋಣ. ಆಗ ಅದು ಸೆಕೆಂಡಿಗೆ ೩೦೦ ಕೋರಿಕೆಗಳನ್ನು ಮುಗಿಸಬಲ್ಲುದು. ೧೨,೦೦೦ವನ್ನು ಮುಗಿಸಲು ೪೦ ಸೆಕೆಂಡು ಬೇಕು. ಕೊನೆಯಲ್ಲಿ ಒತ್ತಿದವನು ೩೦ ಸೆಕೆಂಡು ಕಾಯಬೇಕು. ಗಾಬರಿಯಾದವರು ಸುಮ್ಮನೆ ಕಾಯುವರೆ? ಪ್ರತಿಯೊಬ್ಬರೂ ಮತ್ತೊಮ್ಮೆ ಒತ್ತಿದರೆ ಕೋರಿಕೆಗಳು ೨೪,೦೦೦ ಆಗುತ್ತವೆ. ಸರದಿ ಕರಗಲು ೮೦ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ವೇಳೆ ಮುಗಿಯಿತೆಂದು ವ್ಯವಸ್ಥೆ ಬಾಗಿಲು ಮುಚ್ಚಿದರೆ, ಸಕಾಲದಲ್ಲಿ ಬರೆದವನ ಉತ್ತರವೂ ಹೊರಗೇ ಉಳಿಯುತ್ತದೆ.

ಪರಿಹಾರ ದೊಡ್ಡ ಸರ್ವರನ್ನು ಕೊಳ್ಳುವುದೊಂದೇ ಅಲ್ಲ. ಬೇರೆ ಬೇರೆ ವಿಭಾಗಗಳ ಪರೀಕ್ಷೆಯನ್ನು ಹತ್ತು ಹತ್ತು ನಿಮಿಷಗಳ ಅಂತರದಲ್ಲಿ ಆರಂಭಿಸಬಹುದು. ಬರೆದ ಉತ್ತರವನ್ನು ವ್ಯವಸ್ಥೆಯೇ ಆಗಾಗ ಉಳಿಸಿಕೊಳ್ಳುತ್ತಿದ್ದರೆ ಕೊನೆಯ ಗಳಿಗೆಯ ಅಪಾಯ ತಗ್ಗುತ್ತದೆ. ಕೊಳ್ಳುವ ಮೊದಲು ಸಾವಿರಾರು ಕೃತಕ ವಿದ್ಯಾರ್ಥಿಗಳನ್ನು ಕಂಪ್ಯೂಟರಿನಿಂದಲೇ ಸೃಷ್ಟಿಸಿ, ಅವರೆಲ್ಲರೂ ಒಮ್ಮೆಗೇ ಒತ್ತುವಂತೆ ಮಾಡಿ ಅಳೆಯಬಹುದು. ಇದನ್ನು ಭಾರಪರೀಕ್ಷೆ ಎನ್ನಬಹುದು. ಇದಕ್ಕೆ ಒಪ್ಪದ ಮಾರಾಟಗಾರನ ಮಾತನ್ನು ನಂಬುವುದು ಹೇಗೆ?

ಮೂರನೆಯ ಒರೆಗಲ್ಲು: ಬಿಟ್ಟುಹೋಗುವ ದಿನ

ಯಾವ ವ್ಯವಸ್ಥೆಯೂ ಶಾಶ್ವತವಲ್ಲ. ಕಂಪೆನಿ ಮುಚ್ಚಬಹುದು, ಮತ್ತೊಂದರ ಕೈ ಸೇರಬಹುದು, ಬೆಲೆ ಏರಿಸಬಹುದು. ಇದಕ್ಕೆ ಇತಿಹಾಸದಲ್ಲಿಯೇ ನಿದರ್ಶನವುಂಟು. ಮೇಲೆ ಹೇಳಿದ ವೆಬ್‌ಸಿಟಿಯನ್ನು ಅದರ ಪ್ರತಿಸ್ಪರ್ಧಿಯಾದ ಬ್ಲ್ಯಾಕ್‌ಬೋರ್ಡ್ ಕಂಪೆನಿಯೇ ಕೊಳ್ಳುವುದಾಗಿ ೨೦೦೫ರಲ್ಲಿ ಪ್ರಕಟವಾಯಿತು. ೨೦೦೬ರಲ್ಲಿ ವ್ಯವಹಾರ ಮುಗಿಯಿತು. ಮುಂದಿನ ವರ್ಷಗಳಲ್ಲಿ ವೆಬ್‌ಸಿಟಿ ಎಂಬ ಹೆಸರೇ ಮರೆಯಾಯಿತು. ಅದನ್ನು ನೆಚ್ಚಿದ್ದ ವಿಶ್ವವಿದ್ಯಾಲಯಗಳು, ಇಷ್ಟವಿರಲಿ ಇಲ್ಲದಿರಲಿ, ಬೇರೆ ವ್ಯವಸ್ಥೆಗೆ ವಲಸೆ ಹೋಗಬೇಕಾಯಿತು. ಅದೇ ೨೦೦೬ರಲ್ಲಿ ಬ್ಲ್ಯಾಕ್‌ಬೋರ್ಡ್ ತನಗೆ ದೊರೆತ ಪೇಟೆಂಟಿನ ಬಲದಿಂದ ಕೆನಡಾದ ‘ಡಿಸೈರ್‌ಟುಲರ್ನ್’ ಕಂಪೆನಿಯ ಮೇಲೆ ದಾವೆ ಹೂಡಿತು. ೨೦೦೮ರಲ್ಲಿ ತೀರ್ಪು ಬ್ಲ್ಯಾಕ್‌ಬೋರ್ಡಿನ ಪರವಾಯಿತು. ೨೦೦೯ರಲ್ಲಿ ಮೇಲಿನ ನ್ಯಾಯಾಲಯವು ಆ ಪೇಟೆಂಟಿನ ವಾದಗ್ರಸ್ತ ಹಕ್ಕುಗಳು ಊರ್ಜಿತವಲ್ಲವೆಂದಿತು. ಈ ಕಾಲದಲ್ಲಿ ತಮ್ಮ ವ್ಯವಸ್ಥೆಯ ಗತಿಯೇನಾಗುವುದೋ ಎಂಬುದು ಅದನ್ನು ಬಳಸುವ ಕಾಲೇಜುಗಳ ಕೈಯಲ್ಲಿರಲಿಲ್ಲ.

ಇಂತಹ ಸಂದರ್ಭಕ್ಕೆ ರಕ್ಷಣೆ ಏನು? ಒಂದು, ಎಲ್ಲರೂ ಒಪ್ಪಿದ ಮಾನಕಗಳು. ಒಂದು ಕಂಪೆನಿಯ ಬಲ್ಬು ಇನ್ನೊಂದು ಕಂಪೆನಿಯ ಹೋಲ್ಡರಿಗೆ ಹೊಂದುವುದು ಅಳತೆ ಒಂದೇ ಇರುವುದರಿಂದ. ಹಾಗೆಯೇ ಪಾಠಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಒಯ್ಯಲು ‘ಸ್ಕಾರ್ಮ್’, ‘ಕಾಮನ್ ಕಾರ್ಟ್ರಿಜ್’ ಎಂಬ ಮಾನಕಗಳಿವೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಕಾಮನ್ ಕಾರ್ಟ್ರಿಜ್ ಒಯ್ಯುವುದು ಪಾಠವನ್ನು; ವಿದ್ಯಾರ್ಥಿಗಳು ಬರೆದ ಉತ್ತರ, ನಡೆಸಿದ ಚರ್ಚೆ, ಪಡೆದ ಅಂಕಗಳನ್ನಲ್ಲ. ಅವನ್ನು ಯಾವ ರೂಪದಲ್ಲಿ, ಎಷ್ಟು ದಿನಗಳೊಳಗೆ, ಯಾವ ವೆಚ್ಚದಲ್ಲಿ ಹಿಂದಿರುಗಿಸಬೇಕೆಂಬುದನ್ನು ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು. ಎರಡು, ತಾಲೀಮು. ಕೊಳ್ಳುವ ಮೊದಲೇ ಒಂದು ಪಾಠಕ್ರಮವನ್ನು ಪೂರ್ತಿಯಾಗಿ ಹೊರತೆಗೆದು ಬೇರೊಂದು ವ್ಯವಸ್ಥೆಗೆ ಸೇರಿಸಿ, ಯಾವುದು ಉಳಿಯಿತು, ಯಾವುದು ಕಳೆಯಿತು ಎಂದು ಎಣಿಸಬೇಕು.

ಕೂಡಿಸಿದ ಅಂಕದ ಮೋಸ

ಆಯ್ಕೆಯ ಸಮಿತಿಗಳು ಸಾಮಾನ್ಯವಾಗಿ ಪ್ರತಿಯೊಂದು ಗುಣಕ್ಕೂ ಒಂದು ತೂಕವನ್ನು ಗೊತ್ತುಮಾಡಿ, ವ್ಯವಸ್ಥೆಗಳಿಗೆ ಅಂಕ ಕೊಟ್ಟು, ಗುಣಿಸಿ ಕೂಡಿಸುತ್ತವೆ. ಬೋಧನೆಯ ಅನುಕೂಲಕ್ಕೆ ೪೦, ಪರೀಕ್ಷೆಗೆ ೩೦, ವೆಚ್ಚಕ್ಕೆ ೨೦, ವಲಸೆಯ ಸೌಕರ್ಯಕ್ಕೆ ೧೦ ತೂಕವಿರಲಿ. ಮೊದಲನೆಯ ವ್ಯವಸ್ಥೆಗೆ ಹತ್ತಕ್ಕೆ ಕ್ರಮವಾಗಿ ೯, ೮, ೯, ೧ ಅಂಕಗಳು. ಎರಡನೆಯದಕ್ಕೆ ೭, ೮, ೭, ೮. ಮೊದಲನೆಯದರ ಮೊತ್ತ ೩೬೦ + ೨೪೦ + ೧೮೦ + ೧೦ = ೭೯೦. ಎರಡನೆಯದರದು ೨೮೦ + ೨೪೦ + ೧೪೦ + ೮೦ = ೭೪೦. ಮೊದಲನೆಯದೇ ಗೆದ್ದಿತು. ಆದರೆ ಅದರಿಂದ ಹೊರಬರುವ ದಾರಿಯೇ ಇಲ್ಲವೆಂಬ ದೋಷ ಮೊತ್ತದಲ್ಲಿ ಅಡಗಿಹೋಯಿತು!

ಈಗ ಬೋಧನೆಯ ತೂಕವನ್ನು ೩೦ಕ್ಕೆ ಇಳಿಸಿ ವಲಸೆಯದನ್ನು ೨೦ಕ್ಕೆ ಏರಿಸಿದರೆ ಮೊತ್ತಗಳು ೭೧೦ ಮತ್ತು ೭೫೦ ಆಗುತ್ತವೆ, ಎರಡನೆಯದು ಗೆಲ್ಲುತ್ತದೆ. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದಾಗಿ, ತೂಕಗಳನ್ನು ಪ್ರದರ್ಶನಕ್ಕೆ ಮುಂಚೆಯೇ ನಿಶ್ಚಯಿಸಬೇಕು. ಇಲ್ಲವಾದರೆ ಮೆಚ್ಚಿದುದನ್ನು ಗೆಲ್ಲಿಸುವಂತೆ ತೂಕವನ್ನು ಹೊಂದಿಸುವ ಆಸೆ ಹುಟ್ಟುತ್ತದೆ. ಎರಡನೆಯದಾಗಿ, ಮೂರು ಒರೆಗಲ್ಲುಗಳನ್ನು ಕೂಡಿಸುವ ಲೆಕ್ಕಕ್ಕೆ ಸೇರಿಸದೆ ಹೊಸ್ತಿಲಾಗಿ ಇಡಬೇಕು. ಅವುಗಳಲ್ಲಿ ಒಂದನ್ನು ದಾಟಲಾರದ ವ್ಯವಸ್ಥೆಯನ್ನು ಅಲ್ಲಿಯೇ ಬಿಡಬೇಕು. ಮೂರನ್ನೂ ದಾಟಿದವುಗಳ ನಡುವೆ ಮಾತ್ರ ಕೂಡಿಸಿ ಹೋಲಿಸಬೇಕು.

ಒಂದು ನಿಜವಾದ ಆಯ್ಕೆ

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ೧೯೬೯ರಲ್ಲಿ ಸನ್ನದು ಪಡೆದು ೧೯೭೧ರಲ್ಲಿ ಪಾಠ ಆರಂಭಿಸಿತು. ಅದರ ವಿದ್ಯಾರ್ಥಿಗಳು ಮನೆಯಲ್ಲಿಯೇ ಓದುವವರು; ಅಂಚೆ, ರೇಡಿಯೋ, ದೂರದರ್ಶನಗಳು ಅವರಿಗೆ ಪಾಠವನ್ನು ತಲುಪಿಸುತ್ತಿದ್ದವು. ಅಂತಹ ಸಂಸ್ಥೆಗೆ ಕಲಿಕಾ ವ್ಯವಸ್ಥೆಯೆಂದರೆ ತರಗತಿಯ ಕೊಠಡಿಯೇ. ಸುಮಾರು ೧,೮೦,೦೦೦ ವಿದ್ಯಾರ್ಥಿಗಳಿದ್ದ ಅದು ೨೦೦೫ರಲ್ಲಿ ಮೂಡಲನ್ನು ಆರಿಸಿಕೊಂಡಿತು. ಮೂಲ ಬರಹ ತೆರೆದಿದ್ದುದರಿಂದ, ಬಿಡಿಬಿಡಿ ಅಂಗಗಳಿಂದ ಕೂಡಿದ್ದುದರಿಂದ ಅದನ್ನು ತನ್ನ ಅಗತ್ಯಕ್ಕೆ ತಿದ್ದಿಕೊಳ್ಳುವುದು ಸಾಧ್ಯವಿತ್ತು. ಅಲ್ಲಿನ ತಂತ್ರಜ್ಞರು ಕಿರುಪರೀಕ್ಷೆಯ ಭಾಗ, ಅಂಕಪಟ್ಟಿ ಮೊದಲಾದುವನ್ನು ಉತ್ತಮಪಡಿಸಿ, ತಾವು ಮಾಡಿದುದನ್ನು ಲೋಕಕ್ಕೆಲ್ಲ ಹಿಂದಿರುಗಿಸಿದರು.

ಆದರೆ ಆ ಯೋಜನೆಗೆ ೫೦ ಲಕ್ಷ ಪೌಂಡುಗಳನ್ನು ತೆಗೆದಿರಿಸಲಾಗಿತ್ತು ಎಂಬುದನ್ನು ಮರೆಯಬಾರದು. ಮುಕ್ತ ತಂತ್ರಾಂಶಕ್ಕೆ ಪರವಾನಗಿಯ ಶುಲ್ಕವಿಲ್ಲ, ನಿಜ. ಸರ್ವರು, ತಂತ್ರಜ್ಞರ ಸಂಬಳ, ಅಧ್ಯಾಪಕರ ತರಬೇತಿ, ಹಳೆಯ ಪಾಠಗಳ ವಲಸೆ, ಇವುಗಳಿಗೆ ವೆಚ್ಚವುಂಟು. ತಂತ್ರಜ್ಞರಿಲ್ಲದ ಚಿಕ್ಕ ಸಂಸ್ಥೆಗೆ, ಶುಲ್ಕ ಪಡೆದು ಎಲ್ಲವನ್ನೂ ನೋಡಿಕೊಳ್ಳುವ ಕಂಪೆನಿಯ ಸೇವೆಯೇ ಅಗ್ಗವಾಗಬಹುದು. ಒಂದು ವರ್ಷದ ಬೆಲೆಯನ್ನು ಹೋಲಿಸದೆ, ಐದಾರು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸುವುದೇ ಸರಿಯಾದ ಕ್ರಮ.

ಕೊನೆಯದಾಗಿ, ಆರಿಸುವವರು ಯಾರು? ತಂತ್ರಜ್ಞರು ಮಾತ್ರ ಆರಿಸಿದರೆ ಬೋಧನೆಯ ಕಷ್ಟ ತಿಳಿಯದು. ಹಣಕಾಸಿನ ಅಧಿಕಾರಿಗಳು ಮಾತ್ರ ಆರಿಸಿದರೆ ಬೆಲೆಯೊಂದೇ ಕಾಣುತ್ತದೆ. ಭೌತವಿಜ್ಞಾನದ ಸಮೀಕರಣಗಳನ್ನು ಬರೆಯುವವರು, ಕನ್ನಡ ಕಾವ್ಯವನ್ನು ಪಾಠ ಹೇಳುವವರು, ಪರೀಕ್ಷಾ ವಿಭಾಗದವರು, ಗ್ರಂಥಪಾಲಕರು, ಅವರೊಂದಿಗೆ ವಿದ್ಯಾರ್ಥಿಗಳು, ಎಲ್ಲರೂ ಒಂದು ಅರ್ಧವರ್ಷ ನಿಜವಾದ ತರಗತಿಗಳಲ್ಲಿ ಅದನ್ನು ಬಳಸಿ ನೋಡಬೇಕು. ಸಮಿತಿಯಲ್ಲಿ ನಿಮಗೆ ಸ್ಥಾನ ಸಿಕ್ಕಿದರೆ ಮೂರು ಪ್ರಶ್ನೆಗಳನ್ನು ಕೇಳಲು ಹಿಂಜರಿಯಬೇಡಿ: ಅನುಕೂಲವಿಲ್ಲದವರಿಗೆ ಇದು ಎಟಕುವುದೆ? ಪರೀಕ್ಷೆಯ ಕೊನೆಯ ಕ್ಷಣದಲ್ಲಿ ನಿಲ್ಲುವುದೆ? ಬಿಡುವ ದಿನ ನಮ್ಮ ಬರಹವೂ ಅಂಕಗಳೂ ನಮ್ಮೊಂದಿಗೆ ಬರುವುವೆ?

ಅಭ್ಯಾಸಕ್ಕೆ

೧. ಒಂದು ಕಾಲೇಜಿನ ೩,೦೦೦ ವಿದ್ಯಾರ್ಥಿಗಳು ಕೊನೆಯ ೫ ಸೆಕೆಂಡುಗಳಲ್ಲಿ ಉತ್ತರ ಸಲ್ಲಿಸುತ್ತಾರೆ. ಒಂದು ಕೋರಿಕೆಗೆ ೦.೪ ಸೆಕೆಂಡು ಹಿಡಿದರೆ ಸರ್ವರು ಏಕಕಾಲದಲ್ಲಿ ಎಷ್ಟು ಕೋರಿಕೆಗಳನ್ನು ನಿರ್ವಹಿಸಬೇಕು? (ಉತ್ತರ: ೨೪೦)

೨. ಮೇಲಿನ ತೂಕದ ಲೆಕ್ಕದಲ್ಲಿ ಬೋಧನೆಯಿಂದ ಎಷ್ಟು ತೂಕವನ್ನು ತೆಗೆದು ವಲಸೆಗೆ ಸೇರಿಸಿದರೆ ಎರಡು ವ್ಯವಸ್ಥೆಗಳೂ ಸಮನಾಗುತ್ತವೆ? (ಉತ್ತರ: ಸುಮಾರು ೫.೬)

೩. ನಿಮ್ಮ ಕಾಲೇಜಿನ ಒಂದು ಪಾಠವನ್ನು ಮೊಬೈಲ್ ಫೋನಿನಲ್ಲಿ ತೆರೆದು, ಅದಕ್ಕೆ ಎಷ್ಟು ಮೆಗಾಬೈಟ್ ಖರ್ಚಾಯಿತೆಂದು ಅಳೆಯಿರಿ. ಅದೇ ವಿಷಯವನ್ನು ಬರಹದ ರೂಪದಲ್ಲಿ ಪಡೆದಿದ್ದರೆ ಎಷ್ಟು ಸಾಕಾಗುತ್ತಿತ್ತು ಎಂದು ಹೋಲಿಸಿ ನೋಡಿ.